ಮಾಸ್ತರರ ವಾಚು ಬೆಲ್ಜಿಯಮ್ಮಿಗೆ ಹೋಗಿ ಬಂದದ್ದು

ದಶರಥನ ಎಡಗಾಲಿನ ಮೇಲೆ ಫರ್ಸಿಕಲ್ಲು ಬಿದ್ದಾಗ ಅವನಿಗೆ ಹನ್ನೊಂದು ವರ್ಷ. ತಮ್ಮ ಹಳ್ಳಿ ಆಡಕಿಯಲ್ಲಿ ಕೂಲಿ ಸಾಲದೆ ಅವರಪ್ಪ ಸಂಸಾರ ಕಟ್ಟಿಕೊಂಡು ಶಹಾಬಾದಿಗೆ ಬಂದು, ಕಲ್ಲಿನ ಖಣಿಯಲ್ಲಿ ಹಾಸುಗಲ್ಲು ಎಬ್ಬಿಸುವ ಕೆಲಸಕ್ಕೆ ನಿಂತಿದ್ದ. ಅಪ್ಪನಿಗೆ ಬುತ್ತಿ ಕೊಡಲು ಹೋದ ಹುಡುಗನ ಪಾದದ ಮೇಲೆ, ಸಾಲಾಗಿ ನಿಲ್ಲಿಸಿಟ್ಟಿದ್ದ ಕಲ್ಲುಗಳಲ್ಲಿ ಒಂದು ಜಾರಿ ಬಿತ್ತು. ಪಾದ ಉಳಿಯಿತು, ನಡಿಗೆ ಕುಂಟಾಯಿತು. ಖಣಿಗೂ ಆಗದ, ಹೊಲಕ್ಕೂ ಆಗದ ಮಗನನ್ನು ಏನು ಮಾಡುವುದೆಂದು ಎರಡು ವರ್ಷ ಚಿಂತೆ ಮಾಡಿದ ಅಪ್ಪ, ಕೊನೆಗೆ ಅವನನ್ನು ಬಜಾರಿಗೆ ಕರೆತಂದು ಗಡಿಯಾರ ರಿಪೇರಿಯ ಬಾಬುಮಿಯಾನ ಅಂಗಡಿಯ ಮುಂದೆ ನಿಲ್ಲಿಸಿದ.

ಬಾಬುಮಿಯಾ ಕಣ್ಣಿಗೆ ಸಿಗಿಸಿದ್ದ ಭೂತಗನ್ನಡಿಯನ್ನು ತೆಗೆಯದೆಯೇ ಹುಡುಗನನ್ನು ನೋಡಿದ. ಹೆಸರು ಕೇಳಲಿಲ್ಲ, ಜಾತಿ ಕೇಳಲಿಲ್ಲ. ಎಳ್ಳುಕಾಳಿನಷ್ಟು ಸಣ್ಣ ಸ್ಕ್ರೂಗಳು ಬೆರೆತುಹೋಗಿದ್ದ ಒಂದು ಡಬ್ಬಿಯನ್ನು ಮುಂದಿಟ್ಟು, ಚಿಮಟ ಕೈಗೆ ಕೊಟ್ಟು, ಒಂದೊಂದು ಅಳತೆಯದನ್ನು ಒಂದೊಂದು ಕಡೆ ಹಾಕು ಎಂದ. ಹುಡುಗ ಬಗ್ಗಿ ಕೂತವನು ಮಧ್ಯಾಹ್ನದ ನಮಾಜಿನವರೆಗೆ ತಲೆ ಎತ್ತಲಿಲ್ಲ. ನಮಾಜು ಮುಗಿಸಿ ಬಂದ ಬಾಬುಮಿಯಾ ಡಬ್ಬಿಯ ಕಡೆ ನೋಡಲೇ ಇಲ್ಲ, ಹುಡುಗನ ಬೆರಳುಗಳನ್ನು ನೋಡಿದ.

“ಕೈ ನಡಗಂಗಿಲ್ಲ ಇವಂದು. ಇರ್ಲಿ ಬಿಡಪ್ಪಾ, ನನ್ನ ಕಡೆ ಇರ್ಲಿ,” ಎಂದ.

ಹೀಗೆ ದಶರಥ ವಾಚಿನ ಕೆಲಸಗಾರನಾದ. ವಾಚು ನಡೆಸುವ ಸ್ಪ್ರಿಂಗಾದ ಕಮಾನಿ ಯಾವುದು, ಕೂದಲಿನಷ್ಟು ಸಣ್ಣದಾದ ಬಾಲ್ ಕಮಾನಿ ಯಾವುದು, ಎಣ್ಣೆ ಎಷ್ಟು ಬಿಟ್ಟರೆ ಹೆಚ್ಚಾಯಿತು ಎಂಬುದನ್ನೆಲ್ಲ ಏಳೆಂಟು ವರ್ಷ ಕೂತು ಕಲಿತ. ಊರಿನ ದೊಡ್ಡ ಕಾರ್ಖಾನೆ ಭರ್ತಿ ನಡೆಯುತ್ತಿದ್ದ ಕಾಲವದು. ಪಾಳಿಗೆ ಹೋಗುವ ಪ್ರತಿಯೊಬ್ಬನ ಕೈಯಲ್ಲೂ ಒಂದು ವಾಚು. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ರಿಪೇರಿಗೆ ಬಂದವು ಸಾಲುಗಟ್ಟಿ ಮಲಗಿರುತ್ತಿದ್ದವು.

ಕೆಲಸದ ಜೊತೆಗೆ ಉಸ್ತಾದ್ ಬಾಬುಮಿಯಾ ಇನ್ನೊಂದನ್ನೂ ಕಲಿಸಿದ್ದ. ಅದನ್ನು ಕಲಿಸಿದ ದಿನ ದಶರಥನಿಗೆ ಚೆನ್ನಾಗಿ ನೆನಪಿತ್ತು. ಎಪ್ಪತ್ನಾಲ್ಕನೇ ಇಸವಿ. ಆಗ ಶಹಾಬಾದಿನ ಶಾಲೆಯಲ್ಲಿದ್ದ ಪ್ರಹ್ಲಾದ ಮಾಸ್ತರರು ತಮ್ಮ ವಾಚನ್ನು ಎಣ್ಣೆ ಹಾಕಿಸಲು ಕೊಟ್ಟಿದ್ದರು. ಮದುವೆಯಲ್ಲಿ ಮಾವ ಕೊಟ್ಟ ಸ್ವಿಸ್ ವಾಚು; ಒಳಗಿನ ಮಷೀನು ನೋಡಿದರೆ ಕಣ್ಣು ತಂಪಾಗಬೇಕು, ಅಂಥದ್ದು. ಅದನ್ನು ಬಿಚ್ಚುವಾಗ ಬಾಬುಮಿಯಾನ ಸ್ಕ್ರೂಡ್ರೈವರ್ ಜಾರಿ, ಮಷೀನಿನ ಹೊಳೆಯುವ ಲೋಹದ ಪಟ್ಟಿಯ ಮೇಲೆ ಅಕ್ಕಿ ನುಚ್ಚಿನಷ್ಟು ಉದ್ದದ ಗೀರು ಬಿತ್ತು. ವಾಚು ನಡೆಯಲು ಅದರಿಂದ ಏನೂ ತೊಂದರೆಯಿಲ್ಲ. ಮುಚ್ಚಳ ಹಾಕಿಬಿಟ್ಟರೆ ಕಾಣುವುದೂ ಇಲ್ಲ. ಆದರೆ ಬಾಬುಮಿಯಾ ಅಂಗಡಿಗೆ ಬೀಗ ಹಾಕಿ, ದಶರಥನನ್ನೂ ಕರೆದುಕೊಂಡು ಮಾಸ್ತರರ ಮನೆಗೆ ನಡೆದ. ಮಾಸ್ತರರ ಹೆಂಡತಿ ಜಾನಕೀಬಾಯಿ ಚಹಾ ತಂದಿಟ್ಟರೆ ಕಪ್ಪು ಮುಟ್ಟಲಿಲ್ಲ.

“ಮಾಸ್ತರ್ ಸಾಬ್, ಪೈಲೆ ನನ್ನ ಮಾತು ಕೇಳ್ರಿ. ಚಾ ಆಮ್ಯಾಲೆ.”

ಕೇಳಿ ಮಾಸ್ತರರು ನಕ್ಕುಬಿಟ್ಟರು. “ಒಳಗಿನ ಗೀರು ಯಾರು ನೋಡ್ತಾರ್ರಿ ಮಿಯಾ?”

“ಅಲ್ಲಾ ನೋಡ್ತಾನ್ರಿ. ನಾ ನೋಡೀನಿ. ಈ ದಶರಥನೂ ನೋಡ್ಯಾನ.”

ಆ ಮನೆಯಲ್ಲಿ ದಶರಥನಿಗೆ ಕುರ್ಚಿ ಸಿಕ್ಕದ್ದು ಅಂದೇ ಮೊದಲು. ಉಸ್ತಾದನಿಗೆ ಕೊಟ್ಟಂಥದೇ ಕಪ್ಪಿನಲ್ಲಿ ಜಾನಕೀಬಾಯಿ ಅವನಿಗೂ ಚಹಾ ಕೊಟ್ಟರು. ಬೇರೆ ಮನೆಗಳಲ್ಲಿ ಅವನ ಕೇರಿಯ ಹೆಸರು ತಿಳಿದ ಕೂಡಲೇ ಕಟ್ಟೆಯ ಮೇಲೆಯೇ ಕೂರಿಸುತ್ತಿದ್ದರು. ಮಾಸ್ತರರ ಮನೆಯಲ್ಲಿ ಮಾತ್ರ ಮುಂದೆ ಮೂವತ್ತು ವರ್ಷ, ಅವರು ವರ್ಗವಾಗಿ ಚಿತ್ತಾಪುರಕ್ಕೆ ಹೋಗಿ ಅಲ್ಲಿಯೇ ನೆಲೆಸಿದ ಮೇಲೂ, ಆ ಕುರ್ಚಿ ತಪ್ಪಲಿಲ್ಲ.

ಬಾಬುಮಿಯಾ ಎಂಬತ್ತೊಂಬತ್ತರಲ್ಲಿ ತೀರಿಕೊಂಡ. ಮಕ್ಕಳಿಲ್ಲದ ಅವನು ಅಂಗಡಿಯನ್ನು, ಸಾಮಾನುಗಳನ್ನು, ವಾಚಿನ ಚಕ್ರಗಳ ಹಲ್ಲು ಕಡೆಯುವ ಸಣ್ಣ ಲೇತ್ ಯಂತ್ರವನ್ನು ದಶರಥನಿಗೇ ಬಿಟ್ಟಿದ್ದ. ಅಷ್ಟರಲ್ಲಿ ಕಾಲ ಬದಲಾಗಲು ಶುರುವಾಗಿತ್ತು. ಮೊದಲು ಸೆಲ್ಲಿನ ವಾಚುಗಳು ಬಂದವು, ಕೆಟ್ಟರೆ ಎಸೆಯುವಂಥವು. ಆಮೇಲೆ ಕಾರ್ಖಾನೆ ನಿಂತಿತು. ಕಡೆಗೆ ಮೊಬೈಲು ಬಂದು ಕೈಗೆ ವಾಚು ಕಟ್ಟುವ ರೂಢಿಯನ್ನೇ ತೆಗೆಯಿತು. ದಶರಥ ಸೆಲ್ಲು ಹಾಕುವುದು, ಬೆಲ್ಟು ಬದಲಿಸುವುದು, ಇಷ್ಟರಲ್ಲೇ ದಿನ ಕಳೆಯತೊಡಗಿದ. ಹೆಂಡತಿ ದ್ರೌಪದಿ ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಹಾಗಾಗಿ ಒಲೆ ಆರಲಿಲ್ಲ.

ಎರಡು ಸಾವಿರದ ಐದರಲ್ಲಿ ಪಕ್ಕದ ಮಳಿಗೆಗೆ ವಿಜಯಶ್ರೀ ಬಂದಳು. ಬಿ.ಕಾಂ. ಓದಿದ, ಧೈರ್ಯದ ಹೆಣ್ಣುಮಗಳು. ಎರಡು ಕಂಪ್ಯೂಟರ್, ಒಂದು ಝೆರಾಕ್ಸ್ ಯಂತ್ರ ಇಟ್ಟುಕೊಂಡು ಸೈಬರ್ ಸೆಂಟರ್ ತೆರೆದಳು. ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಅವಳು ದಶರಥನ ಅಂಗಡಿಗೆ ಬಂದು, ಅವನು ಹಳೆಯ ವಾಚೊಂದನ್ನು ಬಿಚ್ಚಿ ತೊಳೆಯುವುದನ್ನು ನೋಡುತ್ತ ನಿಂತಳು. ನಿವೃತ್ತರಾದ ಕಾರ್ಖಾನೆಯವರಿಂದ, ಬೇಡವೆಂದು ಮಾರಲು ಬಂದ ಅವರ ಮಕ್ಕಳಿಂದ ಅವನು ಕೊಂಡಿಟ್ಟ ಚಾವಿ ಕೊಡುವ ವಾಚುಗಳು ಒಂದು ಡಬ್ಬಿಯ ತುಂಬ ಇದ್ದವು.

“ಕಾಕಾ, ಇವ್ನ ಏನ್ ಮಾಡ್ತೀರಿ?”

“ಏನ್ ಮಾಡ್ಲಿ ತಂಗೀ? ನಡಸ್ತೀನಿ, ಇಡ್ತೀನಿ. ನಿಂತ್ರ ಮನಸ್ಸಿಗಿ ಸಮಾಧಾನ ಇರಂಗಿಲ್ಲ.”

ಅವಳು ಅಂದೇ ಕಂಪ್ಯೂಟರಿನಲ್ಲಿ ಅವನಿಗೆ ಒಂದು ಪುಟ ತೆರೆದು ತೋರಿಸಿದಳು. ದೇಶ ದೇಶದ ಜನ ಅಲ್ಲಿ ಹಳೆಯ ವಾಚುಗಳನ್ನು ಹರಾಜಿನಲ್ಲಿ ಕೊಳ್ಳುತ್ತಿದ್ದರು. ದಶರಥನ ಡಬ್ಬಿಯಲ್ಲಿದ್ದಂಥದೇ ಒಂದು ವಾಚಿಗೆ ಹತ್ತು ಮಂದಿ ಪೈಪೋಟಿ ನಡೆಸಿದ್ದರು.

ಹೀಗೆ ಶುರುವಾಯಿತು. ವಿಜಯಶ್ರೀ ಫೋಟೋ ತೆಗೆದು, ಇಂಗ್ಲಿಷಿನಲ್ಲಿ ವಿವರ ಬರೆದು ಹಾಕುವಳು. ಹಣ ಸಾಗಿಸುವ ಒಂದು ಕಂಪನಿಯ ಮೂಲಕ ದುಡ್ಡು ಅವಳ ಖಾತೆಗೆ ಬರುವುದು. ದಶರಥ ವಾಚನ್ನು ಹತ್ತಿಯಲ್ಲಿ ಸುತ್ತಿ ತಗಡಿನ ಡಬ್ಬಿಗೆ ಹಾಕಿದರೆ, ದ್ರೌಪದಿ ಅದರ ಮೇಲೆ ಬಿಳಿ ಕೋರಾ ಬಟ್ಟೆ ಹೊಲಿದು, ಹೊಲಿಗೆಯ ಮೇಲೆ ಅರಗಿನ ಮುದ್ರೆ ಒತ್ತುವಳು. ಪೋಸ್ಟಿನಲ್ಲಿ ರಿಜಿಸ್ಟರ್ ಮಾಡಿಸಿದರೆ ಇಪ್ಪತ್ತು ದಿನಕ್ಕೆ ಸಮುದ್ರದಾಚೆಯ ಯಾರದೋ ಮನೆ ಬಾಗಿಲು ತಟ್ಟುವುದು. ಪೋಲೆಂಡಿನ ಒಬ್ಬ ಶಾಲಾ ಮಾಸ್ತರ, ಸೀಮೆಸುಣ್ಣ ಹಿಡಿದ ತನ್ನ ಕೈಯಲ್ಲಿ ವಾಚು ಕಟ್ಟಿಕೊಂಡು ಫೋಟೋ ಕಳಿಸಿದ. ದಶರಥ ಅದನ್ನು ಛಾಪಿಸಿಕೊಂಡು ಅಂಗಡಿಯಲ್ಲಿ ಬುದ್ಧನ ಪಟದ ಪಕ್ಕ ಅಂಟಿಸಿದ. ಎರಡು ವರ್ಷದಲ್ಲಿ ನಲವತ್ತೊಂದು ಮಂದಿ ಕೊಂಡಿದ್ದರು. ನಲವತ್ತೊಂದು ಮಂದಿಯೂ ಅವನ ಹೆಸರಿನ ಕೆಳಗೆ ಒಳ್ಳೆಯ ಮಾತು ಬರೆದಿದ್ದರು. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ವಿಜಯಶ್ರೀಯ ಹತ್ತಿರ ಹೋಗಿ, “ಹೊಸಾದು ಏನರ ಬರದಾರೇನವ್ವಾ?” ಎಂದು ಕೇಳುವುದು ಅವನಿಗೆ ಅಭ್ಯಾಸವಾಗಿತ್ತು.

ವಿಜಯಶ್ರೀ ಎಚ್ಚರದವಳು. ಮಾರುವವರು ಮೋಸ ಹೋದ ಕತೆಗಳನ್ನೆಲ್ಲ ಓದಿ ತಿಳಿದಿದ್ದಳು. ಬಂದೇ ಇಲ್ಲ ಎಂದು ಸುಳ್ಳು ಹೇಳಿ ದುಡ್ಡು ವಾಪಸ್ ತೆಗೆದುಕೊಳ್ಳುವವರು, ಕಾರ್ಡು ಕದ್ದು ಕೊಳ್ಳುವವರು, ಸಾಮಾನು ತೆಗೆದುಕೊಂಡು ಡಬ್ಬಿಯಲ್ಲಿ ಕಲ್ಲು ತುಂಬಿ ಕಳಿಸುವವರು. ಅದಕ್ಕೆ ಪೋಸ್ಟಿನ ರಸೀದಿ ಜೋಪಾನ ಮಾಡುವಳು, ವಿಳಾಸ ತಾಳೆ ನೋಡುವಳು, ವಾಚಿನ ಹೊರಗಿನದೂ ಒಳಗಿನದೂ ಫೋಟೋ ತೆಗೆಯುವಳು.

ಎರಡು ಸಾವಿರದ ಏಳರ ಮಳೆಗಾಲದಲ್ಲಿ ಜಾನಕೀಬಾಯಿ ಚಿತ್ತಾಪುರದಿಂದ ಶಹಾಬಾದಿಗೆ ಬಂದರು. ಮಾಸ್ತರರು ತೀರಿಹೋಗಿ ಮೂರು ವರ್ಷವಾಗಿತ್ತು. ಮಕ್ಕಳಿಲ್ಲದ ಅವರು, ತಹಶೀಲ ಕಚೇರಿಯಲ್ಲಿ ಗುಮಾಸ್ತನಾಗಿದ್ದ ತಮ್ಮ ರಘುವೀರನ ಮನೆಯಲ್ಲಿದ್ದರು. ಸೆರಗಿನ ಗಂಟು ಬಿಚ್ಚಿ ಮಾಸ್ತರರ ವಾಚನ್ನು ಮೇಜಿನ ಮೇಲಿಟ್ಟರು.

“ಇದನ್ನ ಫಾರೀನ್‌ನವ್ರಿಗೆ ಮಾರಿ ಕೊಡಪಾ ದಶರಥಾ.”

ದಶರಥ ಕೈ ಹಿಂದೆ ತೆಗೆದುಕೊಂಡ. “ಬಾಯಾರ, ಮಾಸ್ತರ್ ವಾಚು ಮಾರಬ್ಯಾಡ್ರಿ.”

“ಅವರ ಪುಸ್ತಕ ಪೆಟ್ಟಿಗ್ಯಾಗ ಬಿದ್ದಾವ. ಗೆದ್ದಲ ಹತ್ಯದ. ಸಾಲ್ಯಾಗ ಕೇಳಿದ್ರ, ಕಪಾಟ ಕೊಡಸ್ರಿ, ಜಾಗಾ ನಾವು ಕೊಡ್ತೀವಿ ಅಂದ್ರು. ವಾಚು ನಾ ಒಬ್ಬಾಕಿ ನೋಡ್ತೀನಿ. ಪುಸ್ತಕ ಹುಡುಗ್ರು ಎಲ್ಲಾರೂ ನೋಡ್ತಾರ.”

ದಶರಥ ವಾಚನ್ನು ಎತ್ತಿಕೊಂಡು ಪಕ್ಕದ ಮಳಿಗೆಗೆ ದನಿ ಹಾಕಿದ. ವಿಜಯಶ್ರೀ ಕ್ಯಾಮರಾ ತಂದಳು. ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ ತೆಗೆದು, “ಮುಚ್ಚಳ ತೆಗೀರಿ ಕಾಕಾ, ಒಳಗಿಂದೊಂದು ತೆಗೀತೀನಿ,” ಎಂದಳು.

ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು. ತೆರೆದರೆ ತೇವ ಒಳಗೆ ಹೋಗುತ್ತದೆ. ಹಿಂದಿನ ವರ್ಷವಷ್ಟೇ ತೊಳೆದು ಎಣ್ಣೆ ಬಿಟ್ಟಿದ್ದ ವಾಚು. “ಛಲೋ ನಡೀಲಿಕತ್ತದವ್ವಾ. ಸುಮ್ನ ಯಾಕ ಬಿಚ್ಚಬೇಕು? ಮಾಸ್ತರ್ ಮಷೀನು ನಂಗ ಗೊತ್ತಿಲ್ಲೇನು?” ಎಂದ ದಶರಥ. ವಿಜಯಶ್ರೀ ಕ್ಯಾಮರಾ ಮುಚ್ಚಿಟ್ಟಳು.

ವಾಚನ್ನು ಬೆಲ್ಜಿಯಂ ದೇಶದ ಒಬ್ಬ ಕೊಂಡ. ಜಾನಕೀಬಾಯಿ ಕೇಳಿದ ಮೂರು ಕಪಾಟುಗಳೂ ಬಂದು ಸ್ವಲ್ಪ ಉಳಿಯುವಷ್ಟು ಬೆಲೆ ಬಂತು. ಸಾಮಾನ್ಯವಾಗಿ ಇಂಥ ವಾಚು ಕೊಳ್ಳುವವರು ಮೊದಲು ಒಳಗಿನ ಮಷೀನು ತೋರಿಸಿ ಎನ್ನುತ್ತಾರೆ. ಈ ಮನುಷ್ಯ ಏನೂ ಕೇಳಲಿಲ್ಲ. ಅವನು ಕೇಳದೆ ಇದ್ದದ್ದೇ ಸಂಶಯಕ್ಕೆ ಕಾರಣವಾಗಬೇಕಿತ್ತು ಎಂದು ವಿಜಯಶ್ರೀ ಆಮೇಲೆ ಎಷ್ಟೋ ಸಲ ಹಣೆ ಬಡಿದುಕೊಂಡಳು. ಆಗ ಮಾತ್ರ ಇಬ್ಬರಿಗೂ ಖುಷಿಯೇ ಆಗಿತ್ತು.

ವಾಚು ಮುಟ್ಟಿದ ಎರಡನೇ ವಾರಕ್ಕೆ ತಕರಾರು ಬಂತು. ದುಡ್ಡು ಇನ್ನೂ ಇವರ ಕೈಗೆ ಬಂದಿರಲಿಲ್ಲ. ಹಣದ ಕಂಪನಿಯವರು ಅದನ್ನು ಅಲ್ಲಿಯೇ ತಡೆಹಿಡಿದರು. ವಿಜಯಶ್ರೀ ಮಿಂಚಂಚೆಯನ್ನು ಓದಿ ಕನ್ನಡದಲ್ಲಿ ಹೇಳಿದಳು: ಹೊರಗಿನ ಕವಚ ಮಾತ್ರ ಅಸಲಿ, ಒಳಗಿನ ಮಷೀನು ಅಗ್ಗದ್ದು, ಮಾರಿದವನು ಮೋಸಗಾರ. ಜೊತೆಗೆ ಒಂದು ಫೋಟೋ. ಮಾಸ್ತರರ ವಾಚಿನ ಹೊಟ್ಟೆಯಲ್ಲಿ ತುಕ್ಕು ಹಿಡಿದ ಯಾವುದೋ ಮಷೀನು ಕೂತಿತ್ತು.

ದಶರಥ ಪರದೆಯ ಹತ್ತಿರ ಮುಖ ತಂದು ನೋಡಿದ. “ಇದು ಅಲ್ಲ. ಇದು ಮಾಸ್ತರ್‌ದು ಅಲ್ಲವ್ವಾ. ಅದರ ಪಟ್ಟಿ ಮ್ಯಾಲ ಉಸ್ತಾದ್ ಕೈಯಾಗಿನ ಗೀರು ಅದ. ಬರಿ ಅವರಿಗಿ. ಗೀರು ಎಲ್ಲದ ಅಂತ ಕೇಳು.”

ವಿಜಯಶ್ರೀ ಬರೆದಳು. ಕಂಪನಿಯವರು ಕೇಳಿದ್ದು ಒಂದೇ: ಕಳಿಸುವ ಮೊದಲು ತೆಗೆದ ಒಳಗಿನ ಫೋಟೋ ಇದೆಯೇ? ಹತ್ತು ದಿನ ಗಡುವು ಕೊಟ್ಟರು. ಆ ಗೀರನ್ನು ಕಂಡವರು ಲೋಕದಲ್ಲಿ ಮೂವರೇ. ಬಾಬುಮಿಯಾ ಗೋರಿಯಲ್ಲಿದ್ದ, ಮಾಸ್ತರರು ಬೂದಿಯಾಗಿದ್ದರು. ಉಳಿದವನು ದಶರಥ, ಅವನೇ ಆರೋಪಿ.

“ಬಾಯಿಮಾತು ಅಲ್ಲಿ ನಡ್ಯಂಗಿಲ್ಲ ಕಾಕಾ,” ಎಂದಳು ವಿಜಯಶ್ರೀ. “ನಾನರ ಅವತ್ತು ಹಟಾ ಮಾಡಬೇಕಿತ್ತು.”

ತೀರ್ಪು ಕೊಂಡವನ ಕಡೆ ಆಯಿತು. ದುಡ್ಡು ಅವನಿಗೆ ವಾಪಸು, ವಾಚು ಇವರಿಗೆ ವಾಪಸು. ಪುಟದಲ್ಲಿ ನಲವತ್ತೊಂದು ಒಳ್ಳೆಯ ಮಾತುಗಳ ತಲೆಯ ಮೇಲೆ ನಲವತ್ತೆರಡನೆಯದು ಕೂತಿತು. ದಶರಥನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದರೂ ಅದರಲ್ಲಿ ಯಾವ ಶಬ್ದ ಮೋಸಗಾರ ಎಂಬುದು ಎಂದು ಕೇಳಿ, ಆ ಶಬ್ದವನ್ನು ಬೆರಳಿಟ್ಟು ನೋಡಿದ. ಮರುದಿನದಿಂದ ಬೆಳಿಗ್ಗೆ ವಿಜಯಶ್ರೀಯ ಅಂಗಡಿಗೆ ಹೋಗುವುದನ್ನು ಬಿಟ್ಟ.

ದೀಪಾವಳಿ ಕಳೆದ ಮೇಲೆ ಪೊಟ್ಟಣ ಬಂತು. ದಶರಥ ವಾಚನ್ನು ಕೈಯಲ್ಲಿ ಹಿಡಿದು ಚಾವಿ ತಿರುವಿದ. ಮೂರನೇ ಸುತ್ತಿಗೇ ಬೆರಳಿಗೆ ತಿಳಿಯಿತು. ಮುಚ್ಚಳ ತೆಗೆದ. ಮುಚ್ಚಳದ ಒಳಮೈಯಲ್ಲಿ ಅವನೇ ಸೂಜಿಯಿಂದ ಕೊರೆದ ರಿಪೇರಿಯ ತಾರೀಖುಗಳಿದ್ದವು. ಅದರ ಕೆಳಗೆ, ಅಳತೆಗೆ ಕೂರದ ಮಷೀನೊಂದನ್ನು ಕಾಗದದ ಚೂರು ತುರುಕಿ ಬಿಗಿ ಮಾಡಿದ್ದರು. ಡಯಲನ್ನು ಅಂಟಿನಿಂದ ಹಚ್ಚಿದ್ದರು. ವಿಜಯಶ್ರೀ ಫೋಟೋ ತೆಗೆದು ಕಂಪನಿಗೆ ಮತ್ತೆ ಬರೆದಳು. ಈ ಪ್ರಕರಣ ಮುಗಿದಿದೆ ಎಂದು ಒಂದು ಸಾಲಿನ ಉತ್ತರ ಬಂತು. ನಾಲ್ಕು ದಿನಕ್ಕೆ ಅವಳ ಖಾತೆಯನ್ನೂ ನಿಲ್ಲಿಸಿದರು.

ಅವತ್ತು ಸಂಜೆ ಗಂಡನ ಮುಖ ನೋಡಿದ ದ್ರೌಪದಿ ಹೊಲಿಗೆ ನಿಲ್ಲಿಸಿದಳು. ಎಲ್ಲ ಕೇಳಿಕೊಂಡು, “ಬಾಯಾರಿಗಿ ಹ್ಯಾಂಗ ಹೇಳ್ತೀರಿ?” ಎಂದಳು.

“ಇದ್ದದ್ದು ಇದ್ದಂಗ ಹೇಳ್ತೀನಿ.”

“ಮೊದ್ಲು ಹೇಳ್ರಿ. ಹೋದ ಕೂಡ್ಲೆ ಹೇಳ್ರಿ,” ಎಂದಳು ಅವಳು.

ಮಾರನೆಯ ದಿನವೇ ಹೊರಡಬೇಕಿತ್ತು. ಆದರೆ ದಶರಥ ನಿಂತ ವಾಚನ್ನು ಯಾರ ಕೈಗೂ ಕೊಟ್ಟವನಲ್ಲ. ಆ ದರಿದ್ರ ಮಷೀನನ್ನು ಬಿಚ್ಚಿ, ತುಕ್ಕು ತೊಳೆದು, ಕಾಗದ ಕಿತ್ತು ಹಿತ್ತಾಳೆಯ ಬಳೆ ಕಡೆದು ಕೂರಿಸಿ, ಎರಡು ದಿನ ಕಷ್ಟಪಟ್ಟು ನಡೆಯುವಂತೆ ಮಾಡಿದ. ಕನಿಷ್ಠ ಟಿಕ್‌ಟಿಕ್ ಅನ್ನಲಿ, ಬಾಯಾರ ಕೈಯಲ್ಲಿ ಸತ್ತಂತೆ ಇರಬಾರದು ಎಂದು ಅವನ ಮನಸ್ಸು. ಮೂರನೇ ದಿನ ಚಿತ್ತಾಪುರದ ಬಸ್ಸು ಹತ್ತಿದ.

ಜಾನಕೀಬಾಯಿ ಬಾಗಿಲಲ್ಲೇ ಅವನನ್ನು ಕಂಡು ಮುಖ ಅರಳಿಸಿದರು. “ಬಾರಪಾ, ಒಳಗ ಬಾ. ಕುಂದ್ರು.” ವಾಚು ಮಾರಾಟವಾಗದೆ ತಿರುಗಿ ಬಂತು ಎಂದಷ್ಟೇ ವಿಜಯಶ್ರೀ ಅವರಿಗೆ ಫೋನಿನಲ್ಲಿ ತಿಳಿಸಿದ್ದಳು. “ಹೊಳ್ಳಿ ಬಂತಂತಲ್ಲ? ಬರ್ಲಿ ಬಿಡು. ಮಾರೂದು ಅವರ ಮನಸ್ಸಿಗಿ ಬಂದಿಲ್ಲ ಕಾಣ್ತದ,” ಎಂದು ನಕ್ಕರು. ರಘುವೀರ ಕಚೇರಿಗೆ ಹೊರಡಲು ಅಂಗಿ ಹಾಕಿಕೊಳ್ಳುತ್ತಿದ್ದ. ಚಹಾ ಬಂತು. ಅವರ ಆ ನಗುವನ್ನು ಕೆಡಿಸಲು ದಶರಥನಿಗೆ ಮನಸ್ಸಾಗಲಿಲ್ಲ. ಚಹಾ ಕುಡಿದು ಹೇಳೋಣ, ರಘುವೀರರಾಯರು ಕಚೇರಿಗೆ ಹೋಗಲಿ, ಬಾಯಾರ ಮುಂದೆ ಒಬ್ಬನೇ ಕೂತು ಸಾವಕಾಶ ಹೇಳೋಣ ಎಂದುಕೊಂಡ. ವಾಚನ್ನು ಅವರ ಕೈಗೆ ಕೊಟ್ಟು ಕಪ್ಪು ಎತ್ತಿಕೊಂಡ.

ಜಾನಕೀಬಾಯಿ ವಾಚಿನ ಗಾಜನ್ನು ಸೆರಗಿನಿಂದ ಒರೆಸಿ, ಕಿವಿಗೆ ಹಿಡಿದರು. ಇನ್ನೊಂದು ಕಿವಿಗೆ ಹಿಡಿದರು.

“ದಶರಥಾ, ಇದರ ಸಪ್ಪಳ ಬ್ಯಾರೆ ಅದಲ್ಲಪಾ.”

ಕಪ್ಪು ಕೆಳಗಿಟ್ಟ ದಶರಥ ಆಗ ಹೇಳಲು ಶುರು ಮಾಡಿದ. ಹೇಳಬೇಕಾದ್ದು ಎಲ್ಲವೂ ಇತ್ತು, ಆದರೆ ಒಂದೂ ಕ್ರಮದಲ್ಲಿ ಬರಲಿಲ್ಲ. ಬೆಲ್ಜಿಯಂ, ತಕರಾರು, ಫೋಟೋ, ಕಾಗದದ ಚೂರು, ತಾನು ತೊಳೆದು ನಡೆಸಿದ್ದು ಎಲ್ಲ ಒಂದರ ಮೇಲೊಂದು ಬಿದ್ದವು. ರಘುವೀರ ಗುಂಡಿ ಹಾಕುವುದನ್ನು ನಿಲ್ಲಿಸಿ ಕೇಳಿಸಿಕೊಂಡ. ಕೆಟ್ಟ ಮನುಷ್ಯನಲ್ಲ ಅವನು. ಇಪ್ಪತ್ತೈದು ವರ್ಷ ಕಡತಗಳ ನಡುವೆ ಕೂತು, ಕಾಗದದಲ್ಲಿ ಇಲ್ಲದ್ದನ್ನು ನಂಬುವುದನ್ನು ಮರೆತವನು.

“ನಮ್ಮಕ್ಕ ಸಪ್ಪಳ ಹಿಡೀಲಿಲ್ಲಂದ್ರ ನೀ ಹೇಳ್ತಿದ್ದೇನು?” ಎಂದ.

“ಹೇಳ್ಲಿಕ್ಕೇ ಬಂದೀನ್ರಿ ರಾಯರ.”

“ಬಂದು ಚಾ ಕುಡೀಲಿಕತ್ತಿದ್ದಿ. ವಾಚು ಬಿಚ್ಚಿದಾಂವ ನೀನ ಅಂತಿ. ಮಷೀನು ಕೂಡ್ಸಿದಾಂವನೂ ನೀನ ಅಂತಿ. ಮತ್ತ ಕಳುವು ಮಾತ್ರ ಬೆಲ್ಜಿಯಮ್ಮಿನಾವ ಮಾಡ್ಯಾನ?”

ದಶರಥ ಜಾನಕೀಬಾಯಿಯ ಕಡೆ ನೋಡಿದ. ಅವರು ವಾಚನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತಿದ್ದರು.

“ನಾಲ್ವತ್ತು ವರ್ಷ ದಿಂಬಿನ ಬುಡಕ ಆ ಸಪ್ಪಳ ಕೇಳೀನಿ,” ಎಂದರು. ಆಮೇಲೆ ಸಣ್ಣ ದನಿಯಲ್ಲಿ, ಯಾರಿಗೂ ಅಲ್ಲವೆಂಬಂತೆ ಹೇಳಿದರು: “ಬಾಬುಮಿಯಾ ಚಾ ಮುಟ್ಟೂಕಿಂತ ಮೊದ್ಲ ಹೇಳಿದ್ದ.”

ದಶರಥ ಎದ್ದು ಹೊರಗೆ ಬಂದ. ಬಸ್‌ ನಿಲ್ದಾಣ ಎಲ್ಲಿದೆ ಎಂದು ದಾರಿಯಲ್ಲಿ ಯಾರನ್ನೋ ಕೇಳಿದ. ಮೂವತ್ತು ವರ್ಷದಿಂದ ಓಡಾಡಿದ ಊರು ಅದು.

ಸುದ್ದಿ ತಿಳಿದ ವಿಜಯಶ್ರೀ ಎಲ್ಲ ಪತ್ರಗಳನ್ನೂ ಛಾಪಿಸಿಕೊಂಡು, ಒಬ್ಬಳೇ ಚಿತ್ತಾಪುರಕ್ಕೆ ಹೋಗಿ ರಘುವೀರನ ಕಚೇರಿಯಲ್ಲಿ ಅವನ ಮುಂದಿಟ್ಟಳು. ರಘುವೀರ ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಓದಿದ. ಇಂಗ್ಲಿಷ್ ಅವನಿಗೆ ಚೆನ್ನಾಗಿ ಬರುತ್ತಿತ್ತು. ಕಂಪನಿಯ ಕೊನೆಯ ಪತ್ರದ ಮೇಲೆ ಬೆರಳಿಟ್ಟ.

“ಮಾರಿದವ ಕಳಿಸಿದ ವಾಚಿನ ಮಷೀನು ಅಸಲಿ ಅಲ್ಲ ಅಂತ ಇಲ್ಲೇ ಬರದಾರಲ್ಲವಾ. ನೀನ ತಂದು ಕೊಟ್ಟಿ.”

“ಅದು ಆ ಕಳ್ಳ ಹೇಳಿದ್ದು ಸರ್. ಅವನ ಮಾತು ನಂಬಿ ಅವರು ಬರದಾರ.”

“ಅಷ್ಟು ದೊಡ್ಡ ಕಂಪನಿ ವಿಚಾರಣಾ ಮಾಡದ ಬರೀತದೇನು?”

ಆ ಪತ್ರಗಳನ್ನು ವಿಜಯಶ್ರೀ ದಶರಥನಿಗೆ ತೋರಿಸಲಿಲ್ಲ. ಹೋಗಿದ್ದ ಸಂಗತಿಯನ್ನು ಮಾತ್ರ ಹೇಳಿ, ಅಳುತ್ತ ಕೂತಳು. ಅವನೇ ಅವಳಿಗೆ ಸಮಾಧಾನ ಹೇಳಬೇಕಾಯಿತು.

ಮಾತು ಚಿತ್ತಾಪುರದಿಂದ ವಾಡಿಗೆ, ವಾಡಿಯಿಂದ ಶಹಾಬಾದಿಗೆ ಬಂತು. ಯಾರೂ ಎದುರಿಗೆ ಏನೂ ಅನ್ನಲಿಲ್ಲ. ಸೆಲ್ಲು ಹಾಕಿಸಲು ಬಂದವರು ಮಾತ್ರ ಮೊದಲಿನ ಹಾಗೆ ವಾಚು ಬಿಟ್ಟು ಬಜಾರು ಮುಗಿಸಿಕೊಂಡು ಬರುತ್ತಿರಲಿಲ್ಲ, ಎದುರಿಗೇ ನಿಂತು ಅವನ ಕೈ ನೋಡುತ್ತಿದ್ದರು. ಬೆನ್ನು ಬಗ್ಗಿಸಿ ಕೆಲಸ ಮಾಡುವಾಗ ಆ ಕಣ್ಣುಗಳು ಅವನ ಕತ್ತಿನ ಮೇಲೆ ಕೂತಂತಾಗುತ್ತಿತ್ತು. ಆ ಚಳಿಗಾಲದಲ್ಲಿ, ಎಂದೂ ನಡುಗದ ಅವನ ಕೈಯಿಂದ ಒಂದು ಸ್ಕ್ರೂ ಜಾರಿ ಕಳೆದುಹೋಯಿತು. ನೆಲವನ್ನೆಲ್ಲ ಗುಡಿಸಿ ಹುಡುಕಿದರೂ ಸಿಗಲಿಲ್ಲ.

ಒಂದು ದಿನ ದ್ರೌಪದಿಗೆ ಹೇಳಿದ: “ಲೇತ್ ಮಾರ್ತೀನಿ. ಹೈದರಾಬಾದಿನಾಂವ ಕೇಳ್ಲಿಕತ್ತಾನ. ಅದರಾಗ ಸಾಲಿಗಿ ಒಂದು ಕಪಾಟ ಕೊಡಸ್ತೀನಿ.”

ದ್ರೌಪದಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. “ಬ್ಯಾಡ್ರಿ. ಕೊಟ್ರ ಜನ ಏನಂತಾರ ಗೊತ್ತದೇನು? ಕದ್ದಿದ್ದ, ಅದಕ್ಕ ಕೊಟ್ಟ ಅಂತಾರ.”

“ಕೊಡದಿದ್ರೂ ಅಂತಾರ. ಪುಸ್ತಕಕ್ಕ ಗೆದ್ದಲ ಹತ್ತದು ತಪ್ಪತದಲ್ಲ.”

ಉಸ್ತಾದನ ಲೇತ್ ಹೋಯಿತು. ಚಿತ್ತಾಪುರದ ಶಾಲೆಗೆ ಒಂದು ಕಬ್ಬಿಣದ ಕಪಾಟು ಹೋಯಿತು. ಅದರ ಬಾಗಿಲಿಗೆ ಪ್ರಹ್ಲಾದ ಮಾಸ್ತರರ ಹೆಸರು ಬರೆಸಿದ್ದ, ತನ್ನದನ್ನು ಬರೆಸಿರಲಿಲ್ಲ. ದ್ರೌಪದಿ ಹೇಳಿದ್ದೇ ನಿಜವಾಯಿತು. ಕಪಾಟು ನೋಡಿ ಬಂದ ರಘುವೀರ ಕಚೇರಿಯಲ್ಲಿ ಜೊತೆಗಾರರಿಗೆ, “ತಪ್ಪಿತಸ್ಥನ ಮನಸ್ಸು ಸುಮ್ನಿರೋದಿಲ್ಲ ನೋಡ್ರಿ. ಏನರ ಇರ್ಲಿ, ಅಷ್ಟಾದ್ರೂ ಮಾಡಿದ,” ಎಂದನಂತೆ. ಅದನ್ನು ಅವನು ಒಳ್ಳೆಯ ಮಾತು ಎಂದೇ ಆಡಿದ್ದ. ಆ ಮೇಲೆ ದಶರಥ ಕೈಗಡಿಯಾರದ ಕೆಲಸ ಬಿಟ್ಟ. ಅಂಗಡಿಯಲ್ಲಿ ಮೊಬೈಲಿನ ಕವರು, ಚಾರ್ಜರು, ಟಾರ್ಚಿನ ಸೆಲ್ಲು ಇಟ್ಟುಕೊಂಡು ಕೂತ. ಪೋಲೆಂಡಿನ ಮಾಸ್ತರನ ಫೋಟೋ ತೆಗೆದ ಜಾಗದಲ್ಲಿ ಗೋಡೆಯ ಸುಣ್ಣ ಕಿತ್ತುಬಂದಿತ್ತು.

ಮುಂದಿನ ವರ್ಷ ಕಾರ್ತಿಕದಲ್ಲಿ, ಹೈದರಾಬಾದಿನಿಂದ ಸಾಮಾನು ತರುತ್ತ ದಶರಥ ವಾಡಿ ಜಂಕ್ಷನ್ನಿನಲ್ಲಿ ಇಳಿದಿದ್ದ. ಶಹಾಬಾದಿನ ಪ್ಯಾಸೆಂಜರಿಗೆ ಇನ್ನೂ ಹೊತ್ತಿತ್ತು. ಎದುರಿನ ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಜಾನಕೀಬಾಯಿ ಕೂತಿದ್ದರು. ಚಿತ್ತಾಪುರದ ಐದಾರು ಹೆಂಗಸರು ಕೂಡಿ ಮಂತ್ರಾಲಯಕ್ಕೆ ಹೊರಟಿದ್ದರು. ರಘುವೀರ ಇರಲಿಲ್ಲ. ದಶರಥ ಕಂಬದ ಹಿಂದೆ ಸರಿಯಬೇಕೆಂದುಕೊಂಡ. ಅಷ್ಟರಲ್ಲಿ ಅವರು ಅವನ ಕುಂಟು ನಡಿಗೆಯನ್ನು ಗುರುತಿಸಿ ಕೈ ಮಾಡಿ ಕರೆದರು.

ಸೇತುವೆ ಹತ್ತಿ ಇಳಿದು ಹೋಗಿ ದೂರದಲ್ಲಿ ನಿಂತು ನಮಸ್ಕಾರ ಮಾಡಿದ.

“ಆರಾಮ ಇದ್ದಿಯೇನಪಾ? ದ್ರೌಪದಿ ಆರಾಮ ಇದ್ದಾಳ?”

“ಆರಾಮ ಇದ್ದೀವ್ರಿ ಬಾಯಾರ.”

“ಭಾಳ ಸೊರಗೀದಿ.”

ಸುತ್ತಲಿನ ಹೆಂಗಸರು ಮಾತು ನಿಲ್ಲಿಸಿ ಅವನನ್ನೇ ನೋಡುತ್ತಿದ್ದರು. ಜಾನಕೀಬಾಯಿ ಕೈಚೀಲದಿಂದ ಎರಡು ಬಾಳೆಹಣ್ಣು ತೆಗೆದುಕೊಟ್ಟರು. “ಕಪಾಟ ನೋಡೀನಿ. ಹುಡುಗ್ರು ಪುಸ್ತಕ ಓಯ್ಲಿಕತ್ತಾರಂತ,” ಎಂದರು.

ದಶರಥನಿಗೆ ಒಂದೇ ಒಂದು ಮಾತು ಕೇಳಬೇಕಿತ್ತು. ಬಾಯಾರ, ನೀವು ನನ್ನ ನಂಬಿದ್ರೇನ್ರಿ? ವರ್ಷದಿಂದ ಅದು ಅವನ ನಾಲಿಗೆಯ ಮೇಲೆಯೇ ಇತ್ತು. ನಂಬಿಲ್ಲ ಎಂದರೂ ಸರಿ, ಒಂದು ಮಾತು ಅವರ ಬಾಯಿಂದ ಕೇಳಿದ್ದರೆ ಸಾಕಿತ್ತು. ಬಾಯಿ ತೆರೆಯುವಷ್ಟರಲ್ಲಿ ರಾಯಚೂರಿನ ಕಡೆಯ ಗಾಡಿ ಬಂತು. ಹೆಂಗಸರು ಗಡಿಬಿಡಿಯಿಂದ ಎದ್ದರು. ದಶರಥ ಜಾನಕೀಬಾಯಿಯ ಗಂಟು ಎತ್ತಿ ಬೋಗಿಯೊಳಗೆ ಇಟ್ಟು, ಅವರು ಹತ್ತುವಾಗ ಯಾರಾದರೂ ಕೈ ಹಿಡಿಯಿರಿ ಎಂದು ಜೊತೆಯ ಹೆಂಗಸರಿಗೆ ಹೇಳಿದ. ಅವರು ತಾವೇ ಅವನ ತೋಳು ಹಿಡಿದು ಹತ್ತಿದರು. ಕಿಟಕಿಯ ಬಳಿ ಬಂದು ಏನೋ ಹೇಳಿದರು. ಗಾಡಿಯ ಸದ್ದಿನಲ್ಲಿ ಅದು ಕೇಳಿಸಲಿಲ್ಲ. ಆಂ ರೀ ಎಂದು ಅವನು ಕಿಟಕಿಯ ಜೊತೆ ನಾಲ್ಕು ಹೆಜ್ಜೆ ಕುಂಟಿದ. ಗಾಡಿ ಮುಂದೆ ಹೋಯಿತು.

ಅವರು ಹೇಳಿದ್ದೇನಿರಬಹುದು ಎಂದು ದ್ರೌಪದಿಯ ಹತ್ತಿರ ಎಷ್ಟೋ ದಿನ ಮಾತಾಡಿದ. “ಮನಿಗಿ ಬಾ ಅಂದಿರಬೇಕ್ರಿ. ಹೋಗಿ ಬರ್ರಿ ಒಮ್ಮಿ,” ಎಂದಳು ಅವಳು. ಹೋಗುತ್ತೇನೆ ಎಂದ. ಸಂಕ್ರಾಂತಿಗೆ ಹೋಗುತ್ತೇನೆ ಎಂದ, ಯುಗಾದಿಗೆ ಎಂದ. ರಘುವೀರ ಬಾಗಿಲಲ್ಲಿ ನಿಂತರೆ ಏನು ಹೇಳಲಿ ಎಂಬಲ್ಲಿಗೆ ಬಂದು ಪ್ರತಿ ಸಲವೂ ತಡೆಯುತ್ತಿದ್ದ.

ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ ಚಿತ್ತಾಪುರದ ಕಡೆಯ ಒಬ್ಬ ಗಿರಾಕಿ ಚಾರ್ಜರು ಕೊಳ್ಳುತ್ತ, ಪ್ರಹ್ಲಾದ ಮಾಸ್ತರರ ಹೆಂಡತಿ ತೀರಿಹೋದರೆಂದು ಹೇಳಿದ. ಯಾವಾಗ ಎಂದು ದಶರಥ ಕೇಳಿದ. ಹದಿನಾರು ದಿನವಾಯಿತು, ಕಾರ್ಯವೆಲ್ಲ ಮುಗಿಯಿತು ಎಂದ ಅವನು. ದಶರಥ ಚಾರ್ಜರನ್ನು ಪೇಪರಿನಲ್ಲಿ ಸುತ್ತಿ ಕೊಟ್ಟ. ಗಿರಾಕಿ ಹೋದ ಮೇಲೆ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು, ದ್ರೌಪದಿ ಊಟದ ಡಬ್ಬಿ ತರುವವರೆಗೆ ಒಳಗೇ ಕೂತಿದ್ದ.